ಲೀ ಜೆ. ಕಾಬ್: ಎತ್ತರದ ನಟ, ಬಾಗಿದ ಮನುಷ್ಯ

ನನ್ನ ತಲೆಮಾರಿನ ಬೆಂಗಳೂರಿಗರಲ್ಲಿ 'ಮೆಕನ್ನಾಸ್ ಗೋಲ್ಡ್' ನೋಡದವರು ವಿರಳ. 1969ರಲ್ಲಿ ತೆರೆಕಂಡ ಆ ಚಿತ್ರ ತನ್ನ ತವರಾದ ಅಮೆರಿಕದಲ್ಲಿ ನೆಲಕಚ್ಚಿತು. ಭಾರತದಲ್ಲಿ ಮಾತ್ರ ಮತ್ತೆ ಮತ್ತೆ ಬಿಡುಗಡೆಯಾಗಿ ಜನರನ್ನು ಸೆಳೆಯಿತು. ಗ್ರೆಗರಿ ಪೆಕ್, ಒಮರ್ ಶರೀಫ್, ಆಕಾಶದಲ್ಲಿ ಸುತ್ತುವ ರಣಹದ್ದು, ಕೊನೆಯಲ್ಲಿ ಕುಸಿದು ಬೀಳುವ ಬಂಗಾರದ ಕಣಿವೆ ಇವೆಲ್ಲ ಇಂದಿಗೂ ಹಲವರ ನೆನಪಿನಲ್ಲಿವೆ. ಆದರೆ ಚಿನ್ನದಾಸೆಗೆ ಬಿದ್ದು ಊರು ಬಿಟ್ಟು ಬರುವ 'ಸಭ್ಯ' ನಾಗರಿಕರ ಗುಂಪಿನಲ್ಲಿ ಒಬ್ಬ ಪತ್ರಿಕಾ ಸಂಪಾದಕನೂ ಇದ್ದ ಎಂಬುದು ಎಷ್ಟು ಮಂದಿಗೆ ನೆನಪಿದೆಯೋ ತಿಳಿಯದು. ಅಗಲವಾದ ಭುಜ, ದಪ್ಪ ಕುತ್ತಿಗೆ, ಬೀಸುಕಲ್ಲಿನಂತೆ ಗುಡುಗುಡಿಸುವ ಧ್ವನಿ. ಕೆಲವೇ ನಿಮಿಷ ಕಾಣಿಸಿಕೊಂಡು ಆತ ಕಥೆಯಿಂದ ಮರೆಯಾಗುತ್ತಾನೆ. ಪ್ರೌಢಶಾಲೆಯ ವಿದ್ಯಾರ್ಥಿಯಾಗಿ ಆ ಚಿತ್ರ ನೋಡಿದ ನನಗೆ ಆ ನಟನ ಹೆಸರು ಗೊತ್ತಿರಲಿಲ್ಲ. ಆತ ಲೀ ಜೆ. ಕಾಬ್ ಎಂದು ತಿಳಿದದ್ದು ಹಲವು ವರ್ಷಗಳ ನಂತರ.

ಅದು 1980ರ ದಶಕದ ಆರಂಭ. ಅರ್ಥಶಾಸ್ತ್ರದ ಸ್ನಾತಕೋತ್ತರ ಪದವಿಗೆ ಓದುತ್ತಿದ್ದ ದಿನಗಳು. ಚಿತ್ರಸಮಾಜವೊಂದು ಬಾಡಿಗೆ ಸಭಾಂಗಣದಲ್ಲಿ '12 ಆಂಗ್ರಿ ಮೆನ್' ಚಿತ್ರವನ್ನು ತೋರಿಸಿತು. ಕಬ್ಬಿಣದ ಕುರ್ಚಿಗಳು, ಮಧ್ಯೆ ಮಧ್ಯೆ ರೀಲು ಬದಲಿಸಲು ಹತ್ತುವ ದೀಪ. ಹನ್ನೆರಡು ಮಂದಿ ತೀರ್ಪುಗಾರರು ಒಂದು ಕೋಣೆಯಲ್ಲಿ ಕುಳಿತು, ತಂದೆಯನ್ನು ಇರಿದು ಕೊಂದನೆಂಬ ಆರೋಪ ಹೊತ್ತ ಹುಡುಗನ ಜೀವವನ್ನು ತೂಗುವ ಕಥೆ ಅದು. ಎಲ್ಲರಂತೆ ನಾನೂ ಹೆನ್ರಿ ಫೋಂಡಾ ಅವರ ಬಿಳಿ ಸೂಟಿನ ಸಜ್ಜನಿಕೆಗೆ ಮಾರುಹೋಗಿ ಹೊರಬರಬೇಕಿತ್ತು. ಆದರೆ ಹೊರಬಂದದ್ದು ಮೂರನೆಯ ತೀರ್ಪುಗಾರನನ್ನು ತಲೆಯಲ್ಲಿ ಹೊತ್ತುಕೊಂಡು. ಹುಡುಗನನ್ನು ಗಲ್ಲಿಗೇರಿಸಲೇಬೇಕೆಂದು ಕೊನೆಯವರೆಗೆ ಹಟ ಹಿಡಿಯುವ ಆ ಭಾರೀ ಮನುಷ್ಯ, ಕೊನೆಯಲ್ಲಿ ತನ್ನ ಮಗನ ಭಾವಚಿತ್ರವನ್ನು ತಾನೇ ಹರಿದುಹಾಕಿ, ಮೇಜಿನ ಮೇಲೆ ಕುಸಿದು ಅಳುತ್ತಾನೆ. ಅಂದು ಆರಂಭವಾದ ಅಭಿಮಾನ ನಲವತ್ತು ವರ್ಷ ದಾಟಿದೆ. ಆ ಅಭಿಮಾನ ನನಗೆ ತಂದೊಡ್ಡಿದ ಪ್ರಶ್ನೆಯೊಂದನ್ನು ಓದುಗರೊಡನೆ ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ.

ಮೊದಲು ನಟನ ಬಗ್ಗೆ. ಪೋಷಕ ನಟ ಎಂಬ ಪದವನ್ನು ನಾವು ಸ್ವಲ್ಪ ಕೀಳಾಗಿ ಬಳಸುತ್ತೇವೆ. ವಾಸ್ತವದಲ್ಲಿ ನಾಯಕನ ಎತ್ತರವನ್ನು ಅಳೆಯುವ ಮಾನದಂಡವೇ ಎದುರಿಗಿರುವ ನಟ. ವಜ್ರಮುನಿ ಅವರ ಗರ್ಜನೆ ಇಲ್ಲದಿದ್ದರೆ ನಮ್ಮ ಎಷ್ಟೋ ನಾಯಕರ ಶೌರ್ಯ ಪೇಲವವಾಗಿ ಕಾಣುತ್ತಿತ್ತು ಎಂಬುದನ್ನು ಕನ್ನಡದ ಪ್ರೇಕ್ಷಕರಿಗೆ ವಿವರಿಸಬೇಕಿಲ್ಲ. ಹಾಲಿವುಡ್‌ನಲ್ಲಿ ಆ ಕೆಲಸವನ್ನು ಕಾಬ್ ಅವರಷ್ಟು ತೂಕದಿಂದ ಮಾಡಿದವರು ಕಡಿಮೆ. ಅವರ ದೇಹ ಗೋಡೆಯಂತೆ ದಾರಿಗೆ ಅಡ್ಡ ನಿಲ್ಲುತ್ತಿತ್ತು. ಆದರೆ ಆ ಗೋಡೆಯಲ್ಲಿ ಎಲ್ಲೋ ಒಂದು ಬಿರುಕಿದೆ ಎಂಬುದನ್ನು ಮೊದಲ ದೃಶ್ಯದಿಂದಲೇ ಸೂಚಿಸುವ ಕಲೆ ಅವರಿಗೆ ಸಿದ್ಧಿಸಿತ್ತು.

1911ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನ ಯಹೂದಿ ಕುಟುಂಬವೊಂದರಲ್ಲಿ ಹುಟ್ಟಿದ ಅವರ ಮೂಲ ಹೆಸರು ಲಿಯೋ ಜೇಕಬಿ. 1935ರಲ್ಲಿ 'ಗ್ರೂಪ್ ಥಿಯೇಟರ್' ಎಂಬ ಎಡಪಂಥೀಯ ಒಲವಿನ ನಾಟಕ ತಂಡವನ್ನು ಸೇರಿದರು. ಎಲಿಯಾ ಕಜನ್, ಜಾನ್ ಗಾರ್ಫೀಲ್ಡ್, ಜೆ. ಎಡ್ವರ್ಡ್ ಬ್ರೊಂಬರ್ಗ್ ಅಲ್ಲಿ ಅವರ ಸಂಗಾತಿಗಳು. ತಲೆಗೂದಲು ಬೇಗ ಉದುರಿದ್ದರಿಂದಲೋ, ಮೈಕಟ್ಟಿನಿಂದಲೋ ಕಾಬ್ ಅವರಿಗೆ ಯೌವನದ ಪಾತ್ರಗಳೇ ಒದಗಲಿಲ್ಲ. 1939ರ 'ಗೋಲ್ಡನ್ ಬಾಯ್' ಚಿತ್ರದಲ್ಲಿ ವಿಲಿಯಂ ಹೋಲ್ಡನ್ ಅವರ ತಂದೆಯಾಗಿ ನಟಿಸಿದಾಗ ಅವರ ವಯಸ್ಸು 27. 'ಮಗ' ಹೋಲ್ಡನ್ ಅವರಿಗಿಂತ ಕೇವಲ ಆರು ವರ್ಷ ದೊಡ್ಡವರು.

ಅವರ ಜೀವನದ ಶಿಖರವೆಂದರೆ 1949ರ ಫೆಬ್ರವರಿ 10. ಅಂದು ಬ್ರಾಡ್‌ವೇಯಲ್ಲಿ ಆರ್ಥರ್ ಮಿಲ್ಲರ್ ಅವರ 'ಡೆತ್ ಆಫ್ ಎ ಸೇಲ್ಸ್‌ಮನ್' ನಾಟಕದ ಮೊದಲ ಪ್ರದರ್ಶನ. ನಿರ್ದೇಶನ ಕಜನ್ ಅವರದು. ಮುಖ್ಯ ಪಾತ್ರವಾದ ವಿಲಿ ಲೋಮನ್‌ನನ್ನು ಮಿಲ್ಲರ್ ಕುಳ್ಳ ಮನುಷ್ಯನಾಗಿ ಕಲ್ಪಿಸಿದ್ದರು. ಕಾಬ್ ಆಯ್ಕೆಯಾದ ಬಳಿಕ ಅವರ ಗಾತ್ರಕ್ಕೆ ತಕ್ಕಂತೆ ಸಂಭಾಷಣೆಯನ್ನೇ ತಿದ್ದಬೇಕಾಯಿತು. 37ರ ನಟ 63ರ ಮುದುಕನಾದ. ಜೀವಮಾನವಿಡೀ ಮಾದರಿ ಪೆಟ್ಟಿಗೆ ಹೊತ್ತು ತಿರುಗಿದ ಮಾರಾಟಗಾರ, ತಾನು ಬದುಕಿರುವುದಕ್ಕಿಂತ ಸತ್ತರೆ ಬರುವ ವಿಮೆಯ ಹಣಕ್ಕೇ ಬೆಲೆ ಹೆಚ್ಚು ಎಂಬ ಲೆಕ್ಕಕ್ಕೆ ಬರುವ ದುರಂತವದು. ಮನೆಯ ಸಾಲದ ಕೊನೆಯ ಕಂತು ತೀರುವ ದಿನ ಆ ಮನೆಯಲ್ಲಿ ಇರಲು ಆತನೇ ಇರುವುದಿಲ್ಲ. ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ 'ಮಾನವ ಬಂಡವಾಳ'ದ ಪಾಠ ಮಾಡುವ ಮುನ್ನ ಈ ನಾಟಕ ಓದಿಸಬೇಕೆಂದು ನನಗೆ ಅನೇಕ ಸಲ ಅನ್ನಿಸಿದೆ. ನಾಟಕಕ್ಕೆ ಪುಲಿಟ್ಜರ್ ಬಂತು. ಒಟ್ಟು 742 ಪ್ರದರ್ಶನಗಳಾದವು. ಕಾಬ್ ಕೆಲವು ತಿಂಗಳ ನಂತರ ಆ ಪಾತ್ರವನ್ನು ಬಿಟ್ಟರಾದರೂ ವಿಲಿ ಲೋಮನ್ ಎಂದರೆ ಅವರೇ ಎಂಬ ಮಾತು ಉಳಿಯಿತು.

ಶಿಖರದ ಪಕ್ಕದಲ್ಲೇ ಪ್ರಪಾತವಿತ್ತು. ಅಮೆರಿಕದ ಕೆಳಮನೆಯ 'ಅಮೆರಿಕನ್‌ವಿರೋಧಿ ಚಟುವಟಿಕೆಗಳ ಸಮಿತಿ' 1947ರಿಂದಲೇ ಹಾಲಿವುಡ್‌ನ ಬೆನ್ನು ಹತ್ತಿತ್ತು. ನೀನು ಕಮ್ಯುನಿಸ್ಟ್ ಆಗಿದ್ದೆಯಾ? ನಿನ್ನ ಜೊತೆ ಯಾರು ಯಾರಿದ್ದರು? ಈ ಎರಡು ಪ್ರಶ್ನೆಗಳಿಗೆ ಉತ್ತರ ಕೊಡದವರ ಹೆಸರು ಕಪ್ಪುಪಟ್ಟಿಗೆ ಸೇರುತ್ತಿತ್ತು. ಸ್ಟುಡಿಯೋಗಳ ಬಾಗಿಲು ಮುಚ್ಚುತ್ತಿತ್ತು. 1951ರಲ್ಲಿ ನಟ ಲ್ಯಾರಿ ಪಾರ್ಕ್ಸ್ ಕೊಟ್ಟ ಹೇಳಿಕೆಯಲ್ಲಿ ಕಾಬ್ ಅವರ ಹೆಸರು ಬಂತು. ಎರಡು ವರ್ಷ ಅವರು ಬಗ್ಗಲಿಲ್ಲ. ಅಷ್ಟರಲ್ಲಿ ಹಳೆಯ ಸಂಗಾತಿ ಬ್ರೊಂಬರ್ಗ್ 1951ರಲ್ಲಿ, ಗಾರ್ಫೀಲ್ಡ್ 1952ರಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಇಬ್ಬರೂ ಅದೇ ಸಮಿತಿಯ ಮುಂದೆ ನಿಂತು ಬಂದವರು. ಗಾರ್ಫೀಲ್ಡ್ ಅವರಿಗೆ ಆಗ ಕೇವಲ 39 ವರ್ಷ. ಇತ್ತ ಕಾಬ್ ಅವರಿಗೆ ಕೆಲಸವಿಲ್ಲ, ಕೈಯಲ್ಲಿ ಕಾಸಿಲ್ಲ, ಸಾಲ ಮಾಡಿ ಮಕ್ಕಳನ್ನು ಸಾಕಬೇಕು. ಪತ್ನಿಯ ಆರೋಗ್ಯ ಮುರಿದುಬಿತ್ತು. ಹೋದಲ್ಲೆಲ್ಲ ಹಿಂಬಾಲಿಸುವ ಕಣ್ಣುಗಳು. ಒಂದು ಸರ್ಕಾರ ತನ್ನೆಲ್ಲ ಬಲವನ್ನೂ ಒಬ್ಬ ವ್ಯಕ್ತಿಯ ಮೇಲೆ ತಿರುಗಿಸಿದಾಗ ಆಗುವ ಭಯ ಎಂಥದೆಂದು ಅವರು ಮುಂದೆ ಬಿಡಿಸಿ ಹೇಳಿದ್ದಾರೆ. 1953ರ ಜೂನ್ 2ರಂದು ಅವರು ಸಮಿತಿಯ ಮುಂದೆ ಕುಳಿತು 20 ಮಂದಿಯ ಹೆಸರು ಹೇಳಿದರು.

ಈ ಸಂಗತಿ ಓದಿ ತಿಳಿದ ದಿನ ನನಗಾದ ನಿರಾಸೆ ಅಷ್ಟಿಷ್ಟಲ್ಲ. ಅದನ್ನು ಇಮ್ಮಡಿಗೊಳಿಸಿದ್ದು ಇನ್ನೊಂದು ಹೋಲಿಕೆ. ಕಾಬ್ ಅವರಿಗಿಂತ ಕೆಲವೇ ವಾರಗಳ ಮುಂಚೆ, 1953ರ ಮೇ ತಿಂಗಳಲ್ಲಿ, ಅದೇ ಸಮಿತಿಯ ಮುಂದೆ ಲಯೊನೆಲ್ ಸ್ಟ್ಯಾಂಡರ್ ಎಂಬ ಮತ್ತೊಬ್ಬ ಪೋಷಕ ನಟ ಬಂದಿದ್ದರು. ಅವರದೂ ದೊಡ್ಡ ದೇಹ, ಕರಕರ ಧ್ವನಿ. ಅವರು ಒಂದು ಹೆಸರನ್ನೂ ಹೇಳಲಿಲ್ಲ. ಬದಲಿಗೆ ಸಮಿತಿಯನ್ನೇ ತರಾಟೆಗೆ ತೆಗೆದುಕೊಂಡರು. ಅದರ ಬೆಲೆಯನ್ನೂ ತೆತ್ತರು. ವರ್ಷಗಟ್ಟಲೆ ಚಿತ್ರರಂಗ ಅವರನ್ನು ಹತ್ತಿರ ಸೇರಿಸಲಿಲ್ಲ. ವಾಲ್‌ಸ್ಟ್ರೀಟ್‌ನಲ್ಲಿ ಷೇರು ದಲ್ಲಾಳಿಯಾಗಿ ಹೊಟ್ಟೆ ಹೊರೆದರು. ಆದ್ದರಿಂದ ಬೇರೆ ದಾರಿಯೇ ಇರಲಿಲ್ಲ ಎಂದು ಕಾಬ್ ಅವರ ಪರವಾಗಿ ವಾದಿಸುವಂತಿಲ್ಲ. ದಾರಿ ಇತ್ತು, ದುಬಾರಿಯಾಗಿತ್ತು.

ಹಾಗಾದರೆ ಅಭಿಮಾನಿಯಾದವನು ಏನು ಮಾಡಬೇಕು? ಮನುಷ್ಯನ ತಪ್ಪಿಗಾಗಿ ನಟನನ್ನು ತಿರಸ್ಕರಿಸಬೇಕೆ? ಕಲೆಗೂ ಬದುಕಿಗೂ ಸಂಬಂಧವಿಲ್ಲ ಎಂದು ಕಣ್ಣು ಮುಚ್ಚಿಕೊಳ್ಳಬೇಕೆ? ಕಾಬ್ ಅವರ ಚಿತ್ರಗಳೇ ಈ ಎರಡನೆಯ ಅನುಕೂಲವನ್ನು ನಮಗೆ ಒದಗಿಸುವುದಿಲ್ಲ.

1954ರ 'ಆನ್ ದ ವಾಟರ್‌ಫ್ರಂಟ್' ಚಿತ್ರವನ್ನೇ ನೋಡಿ. ನಿರ್ದೇಶಕ ಕಜನ್, ಕಥೆಗಾರ ಬಡ್ ಶುಲ್‌ಬರ್ಗ್, ನಟ ಕಾಬ್ ಮೂವರೂ ಸಮಿತಿಗೆ ಹೆಸರು ಕೊಟ್ಟು ಬಂದವರು. ಚಿತ್ರದ ಕಥೆಯೋ, ಬಂದರಿನ ಕಾರ್ಮಿಕ ಸಂಘದ ಗೂಂಡಾ ನಾಯಕನ ವಿರುದ್ಧ ಸಾಕ್ಷಿ ಹೇಳುವ ಯುವಕನೊಬ್ಬನ ಧೀರಗಾಥೆ. ಆ ಯುವಕ ಮಾರ್ಲನ್ ಬ್ರ್ಯಾಂಡೊ. ಸಾಕ್ಷಿ ಹೇಳುವವನು ದ್ರೋಹಿ ಎಂದು ಅಬ್ಬರಿಸುವ ಜಾನಿ ಫ್ರೆಂಡ್ಲಿ ಎಂಬ ಖಳನಾಯಕ ಕಾಬ್. ತನ್ನ ಮೇಲೆ ಜಗತ್ತು ಎಸೆಯಬಹುದಾದ ಬೈಗುಳವನ್ನು ತಾನೇ ಇನ್ನೊಬ್ಬನ ಮೇಲೆ ಎಸೆಯುವ ಪಾತ್ರವನ್ನು ಮಾಡುವಾಗ ಆ ನಟನ ಒಳಗೆ ಏನು ನಡೆದಿದ್ದೀತು? ಚಿತ್ರ ಎಂಟು ಆಸ್ಕರ್ ಗೆದ್ದಿತು. ಅದೇ ಚಿತ್ರದಿಂದ ಮೂವರು ಅತ್ಯುತ್ತಮ ಪೋಷಕ ನಟ ಪ್ರಶಸ್ತಿಗೆ ನಾಮಕರಣಗೊಂಡರು, ಕಾಬ್ ಅವರಲ್ಲೊಬ್ಬರು. ಪ್ರಶಸ್ತಿ ಬರಲಿಲ್ಲ. ಮರುವರ್ಷ ಅವರಿಗೆ ತೀವ್ರ ಹೃದಯಾಘಾತವಾಯಿತು. ಆಸ್ಪತ್ರೆಯ ವೆಚ್ಚ ಭರಿಸಿ ಅವರನ್ನು ಬದುಕಿಗೆ ಮರಳಿಸಿದವರು ಗಾಯಕ ಫ್ರಾಂಕ್ ಸಿನಾತ್ರಾ.

ಚೇತರಿಸಿಕೊಂಡು ಬಂದ ಮೇಲೆ ಮಾಡಿದ ಚಿತ್ರ '12 ಆಂಗ್ರಿ ಮೆನ್' (1957). ಕಾಬ್ ಅವರ ಬದುಕು ತಿಳಿದ ಮೇಲೆ ಆ ಚಿತ್ರವನ್ನು ನಾನು ಮತ್ತೆ ನೋಡಿದೆ. ಹತ್ಯೆ ಹೇಗೆ ನಡೆದಿರಬಹುದು ಎಂದು ತೋರಿಸಲು ಮೂರನೆಯ ತೀರ್ಪುಗಾರ ಚಾಕು ಹಿಡಿದು, ಮೊಣಕಾಲು ಮಡಿಸಿ ತನ್ನನ್ನು ಕುಳ್ಳಗಾಗಿಸಿಕೊಂಡು, ಫೋಂಡಾ ಅವರ ಎದೆಯತ್ತ ಕೈ ಎತ್ತುವ ದೃಶ್ಯವಿದೆ. ಸುತ್ತಲಿನವರು ಬೆಚ್ಚಿ ಏಳುತ್ತಾರೆ. ಅಷ್ಟು ದೊಡ್ಡ ದೇಹ ಕುಗ್ಗಿದಾಗ ಅದರೊಳಗಿನ ಗಾಯ ಎದ್ದು ಕಾಣುತ್ತದೆ. ಕೊನೆಗೆ ಹನ್ನೊಂದು ಮಂದಿಯ ಎದುರು ಒಬ್ಬಂಟಿಯಾಗಿ ನಿಂತು, ಕೂಗಾಡಿ, ಸೋತು, ಆತ 'ನಿರಪರಾಧಿ' ಎಂದು ಒಪ್ಪಿಕೊಳ್ಳುತ್ತಾನೆ. ಒಬ್ಬಂಟಿಯಾಗಿ ನಿಲ್ಲುವುದೆಂದರೇನು, ಒತ್ತಡಕ್ಕೆ ಮಣಿಯುವುದೆಂದರೇನು ಎಂಬುದನ್ನು ನಾಲ್ಕು ವರ್ಷ ಹಿಂದೆ ಬೇರೊಂದು ಕೋಣೆಯಲ್ಲಿ ಅನುಭವಿಸಿದ ಮನುಷ್ಯ ಅವರು. ಅಲ್ಲಿ ಮಣಿದದ್ದು ಇಪ್ಪತ್ತು ಮಂದಿಗೆ ಮುಳುವಾಯಿತು. ಇಲ್ಲಿ ಮಣಿದದ್ದು ಒಂದು ಜೀವವನ್ನು ಉಳಿಸಿತು. ಈ ವ್ಯತ್ಯಾಸ ಅವರಿಗೆ ಹೊಳೆಯದೆ ಇದ್ದೀತೆ? ಅವರು ಅತ್ತದ್ದು ಕೇವಲ ನಟನೆ ಎಂದು ನಂಬುವುದು ನನಗೆ ಕಷ್ಟ. ನಟನೆಯಲ್ಲ ಎಂದು ಹೇಳುವ ಅಧಿಕಾರವೂ ನನಗಿಲ್ಲ.

ಈ ಕಥೆ ನಮಗೆ ದೂರದ್ದೇನಲ್ಲ. ಬಾಸು ಚಟರ್ಜಿ ಅವರು 1986ರಲ್ಲಿ ಇದನ್ನು 'ಏಕ್ ರುಕಾ ಹುವಾ ಫೈಸ್ಲಾ' ಎಂದು ಹಿಂದಿಗೆ ತಂದರು; ಕಾಬ್ ಅವರ ಪಾತ್ರವನ್ನು ಪಂಕಜ್ ಕಪೂರ್ ಮಾಡಿದರು. ಕನ್ನಡದಲ್ಲಿ 2012ರಲ್ಲಿ 'ದಶಮುಖ' ಬಂತು. ಎಲ್ಲ ರೂಪಗಳಲ್ಲೂ ಕಥೆಯ ಭಾರ ಬೀಳುವುದು ಆ ಕೊನೆಯ ಮನುಷ್ಯನ ಮೇಲೆಯೇ.

ಇಲ್ಲಿ ನನ್ನದೇ ಒಂದು ಸಂಗತಿ ಹೇಳಬೇಕು. ಹೇಳದೆ ಇನ್ನೊಬ್ಬರ ತಪ್ಪಿನ ಬಗ್ಗೆ ಬರೆಯುವುದು ಸರಿಯಲ್ಲ. 1990ರ ದಶಕದಲ್ಲಿ ನಾನು ಒಂದು ಉಪವಿಭಾಗದ ಹೊಣೆಯಲ್ಲಿದ್ದಾಗ ಬರ ಪರಿಹಾರ ಕಾಮಗಾರಿಗಳ ಹಾಜರಿ ಪಟ್ಟಿಯಲ್ಲಿ ಸುಳ್ಳು ಹೆಸರುಗಳಿರುವ ವಿಷಯ ಪತ್ರಿಕೆಯಲ್ಲಿ ಬಂತು. ಕೂಲಿ ಪಡೆದವರಲ್ಲಿ ಸತ್ತವರೂ ಇದ್ದರು. ಪಟ್ಟಿಯ ನಕಲನ್ನು ಹೊರಗೆ ಕೊಟ್ಟದ್ದು ನನ್ನ ಕೈಕೆಳಗಿನ ಒಬ್ಬ ಪ್ರಾಮಾಣಿಕ ನೌಕರರು. ಅದು ನನಗೆ ಗೊತ್ತಿತ್ತು, ಮೇಲಿನವರಿಗೂ ಗೊತ್ತಿತ್ತು. ವಿಚಾರಣೆ ನಡೆದದ್ದು ಸುಳ್ಳು ಹೆಸರು ಬರೆದವರ ಮೇಲಲ್ಲ, ನಕಲು ಕೊಟ್ಟವರ ಮೇಲೆ. ನನ್ನಿಂದ ಬೇಕಾಗಿದ್ದದ್ದು ಒಂದೇ ಸಾಲು: ಸದರಿ ನೌಕರರು ಕಡತವನ್ನು ಪಡೆದುಕೊಂಡಿದ್ದು ನನ್ನ ಗಮನಕ್ಕೆ ಬಂದಿರುತ್ತದೆ ಎಂದು. ಬರೆದುಕೊಟ್ಟೆ. ಸಾಲು ಸುಳ್ಳಾಗಿರಲಿಲ್ಲ. ಆಗ ನನ್ನ ತಂದೆಯವರ ಚಿಕಿತ್ಸೆ ನಡೆದಿತ್ತು, ಮನೆಯ ಸಾಲವಿತ್ತು, ಮಗಳು ಶಾಲೆಗೆ ಹೋಗುತ್ತಿದ್ದಳು, ಬಡ್ತಿಯ ಪಟ್ಟಿಯಲ್ಲಿ ನನ್ನ ಹೆಸರಿತ್ತು. ಅವರು ಅಮಾನತುಗೊಂಡರು, ವಾರ್ಷಿಕ ಬಡ್ತಿಗಳನ್ನು ಕಳೆದುಕೊಂಡರು, ನಿವೃತ್ತಿ ವೇತನ ಇತ್ಯರ್ಥವಾಗಲು ವರ್ಷಗಳು ಹಿಡಿದವು. ನನ್ನ ಬಡ್ತಿ ಮಾತ್ರ ಸಕಾಲದಲ್ಲಿ ಬಂತು.

ಸಮಿತಿ ಕಾಬ್ ಅವರಿಂದ ಕೇಳಿದ್ದೂ ಇಂಥದೇ ಸಾಲು ಎಂಬುದು ಇತಿಹಾಸ ಓದುತ್ತಾ ನನಗೆ ಮನವರಿಕೆಯಾಯಿತು. ಅವರು ಹೇಳಿದ ಹೆಸರುಗಳಲ್ಲಿ ಬಹುಪಾಲು ಸಮಿತಿಯ ಬಳಿ ಮೊದಲೇ ಇದ್ದವು. ಅದಕ್ಕೆ ಬೇಕಾಗಿದ್ದದ್ದು ಮಾಹಿತಿಯಲ್ಲ, ಶರಣಾಗತಿ. ಮೂರು ದಶಕಗಳ ಆಡಳಿತ ಸೇವೆಯಲ್ಲಿ ನಾನು ಕಂಡ ಕಹಿ ಸತ್ಯವಿದು: ಅಧಿಕಾರಕ್ಕೆ ಗೊತ್ತಿರುವುದನ್ನೇ ಅಧಿಕಾರ ಮತ್ತೆ ಕೇಳಿದಾಗ, ಅದು ಕೇಳುತ್ತಿರುವುದು ಉತ್ತರವನ್ನಲ್ಲ, ನಮ್ಮ ಸಹಿಯನ್ನು. ಸಹಿ ಬಿದ್ದ ಮೇಲೆ ನಾವು ಅವರವರೇ.

ಅರ್ಥಶಾಸ್ತ್ರದಲ್ಲಿ 'ಕೈದಿಗಳ ಸಂದಿಗ್ಧ' ಎಂಬ ಪ್ರಸಿದ್ಧ ಆಟವಿದೆ. ಬೇರೆ ಬೇರೆ ಕೋಣೆಯಲ್ಲಿಟ್ಟ ಇಬ್ಬರು ಕೈದಿಗಳು ಇಬ್ಬರೂ ಬಾಯಿ ಮುಚ್ಚಿಕೊಂಡಿದ್ದರೆ ಇಬ್ಬರಿಗೂ ಒಳಿತು. ಆದರೆ ಇನ್ನೊಬ್ಬ ಬಾಯಿಬಿಟ್ಟಾನೆಂಬ ಭಯದಲ್ಲಿ ಇಬ್ಬರೂ ಬಾಯಿಬಿಡುತ್ತಾರೆ. ಈ ಸಿದ್ಧಾಂತ ರೂಪುಗೊಂಡದ್ದು 1950ರಲ್ಲಿ, ಅಮೆರಿಕದಲ್ಲೇ. ಅಂದರೆ ಹಾಲಿವುಡ್‌ನ ನಟರು ಒಬ್ಬೊಬ್ಬರಾಗಿ ಕೋಣೆಗೆ ಹೋಗುತ್ತಿದ್ದ ಕಾಲದಲ್ಲೇ. ಆ ಆಟ ಕಲಿಸುವ ಪಾಠ ಕೈದಿಗಳ ಚಾರಿತ್ರ್ಯದ ಬಗ್ಗೆ ಅಲ್ಲ, ಕೋಣೆಗಳ ವಿನ್ಯಾಸದ ಬಗ್ಗೆ. ಸ್ಟ್ಯಾಂಡರ್ ಅವರಂಥ ಗಟ್ಟಿಗರು ಎಲ್ಲ ಕಾಲದಲ್ಲೂ ಬೆರಳೆಣಿಕೆಯಷ್ಟೇ. ಸಾಮಾನ್ಯ ಮನುಷ್ಯ ಬಗ್ಗುತ್ತಾನೆ ಎಂಬ ಲೆಕ್ಕದ ಮೇಲೆಯೇ ಇಂಥ ಸಮಿತಿಗಳು ನಡೆಯುತ್ತವೆ.

ಕಪ್ಪುಪಟ್ಟಿಗೆ ಸೇರಿ ಜೈಲಿಗೂ ಹೋಗಿ ಬಂದ ಲೇಖಕ ಡಾಲ್ಟನ್ ಟ್ರಂಬೊ, 1970ರಲ್ಲಿ ಸನ್ಮಾನವೊಂದನ್ನು ಸ್ವೀಕರಿಸುತ್ತಾ, ಆ ಕಾಲದಲ್ಲಿ ನಾಯಕರೂ ಇರಲಿಲ್ಲ, ಖಳರೂ ಇರಲಿಲ್ಲ, ಇದ್ದವರೆಲ್ಲ ಬಲಿಪಶುಗಳೇ ಎಂಬರ್ಥದ ಮಾತನಾಡಿದರು. ಅವರೊಡನೆ ಜೈಲು ಕಂಡಿದ್ದ ಆಲ್ಬರ್ಟ್ ಮಾಲ್ಟ್ಜ್ ಅದನ್ನು ಖಂಡಿಸಿದರು. ದ್ರೋಹ ಮಾಡಿದವನನ್ನೂ ಅದಕ್ಕೆ ತುತ್ತಾದವನನ್ನೂ ಒಂದೇ ತಕ್ಕಡಿಯಲ್ಲಿ ಇಡಬಾರದೆಂಬುದು ಅವರ ನಿಲುವು. ಟ್ರಂಬೊ ಅವರ ಔದಾರ್ಯ ದೊಡ್ಡದು. 1960ರ 'ಎಕ್ಸೋಡಸ್' ಚಿತ್ರಕ್ಕೆ ಲೇಖಕರಾಗಿ ಅವರ ಹೆಸರು ಬಹಿರಂಗವಾಗಿ ಬಂದಾಗ ಕಪ್ಪುಪಟ್ಟಿ ಒಡೆಯತೊಡಗಿತು. ಆ ಚಿತ್ರದಲ್ಲಿ ಮುಖ್ಯ ಪಾತ್ರವೊಂದನ್ನು ಮಾಡಿದವರು ಇದೇ ಕಾಬ್. ಆದರೂ ನ್ಯಾಯದ ಪ್ರಶ್ನೆಯಲ್ಲಿ ನಾನು ಮಾಲ್ಟ್ಜ್ ಅವರ ಕಡೆಗೆ ವಾಲುತ್ತೇನೆ. ಕ್ಷಮೆ ಕೊಡುವುದು ನೊಂದವರ ಹಕ್ಕು. ನೋಯಿಸಿದವರು, ನೋಡುತ್ತಾ ನಿಂತವರು ಅದನ್ನು ಹಂಚಿಕೊಳ್ಳಲಾಗದು. ನನ್ನ ವಿಷಯದಲ್ಲೂ ಅಷ್ಟೇ.

ಆದರೆ ತಪ್ಪನ್ನು ತಪ್ಪೆನ್ನುವುದು ಬೇರೆ, ಮನುಷ್ಯನನ್ನು ಆ ಒಂದು ದಿನಕ್ಕೆ ಕುಗ್ಗಿಸುವುದು ಬೇರೆ. ಇಂದು ನಾವು ಒಬ್ಬರ ಒಂದು ಮಾತು, ಒಂದು ಸಹಿ ಹಿಡಿದುಕೊಂಡು ಅವರ ಇಡೀ ಜೀವನಕ್ಕೆ ತೀರ್ಪು ಬರೆಯುವ ಆತುರದಲ್ಲಿದ್ದೇವೆ. ಬಗ್ಗಿದವನನ್ನು ಹೀಗಳೆಯುವುದು ಸುಲಭ. ಬಗ್ಗಿಸುವ ಯಂತ್ರವನ್ನು ಬಿಚ್ಚಿ ನೋಡುವುದು ಕಷ್ಟ. ನಮ್ಮಲ್ಲಿ ಭ್ರಷ್ಟಾಚಾರ ಬಯಲಿಗೆಳೆಯುವವರ ರಕ್ಷಣೆಗೆಂದು ಸಂಸತ್ತು ಒಪ್ಪಿದ ಕಾಯ್ದೆಗೆ 2014ರಲ್ಲೇ ರಾಷ್ಟ್ರಪತಿಗಳ ಅಂಕಿತ ಬಿದ್ದಿತು. ಅದನ್ನು ಜಾರಿಗೆ ತರುವ ಅಧಿಸೂಚನೆ ಮಾತ್ರ ವರ್ಷಗಟ್ಟಲೆ ಹೊರಬೀಳಲಿಲ್ಲ. ಹೆಸರು ಹೇಳದವನನ್ನು ಕಾಪಾಡುವ ವ್ಯವಸ್ಥೆ ಇಲ್ಲದ ಕಡೆ ಹೆಸರು ಹೇಳಿದವನನ್ನು ನಿಂದಿಸುವುದರಿಂದ ಯಾರಿಗೂ ಪ್ರಯೋಜನವಿಲ್ಲ. ನಾವು ಕೇಳಬೇಕಾದ ಮೊದಲ ಪ್ರಶ್ನೆ 'ಆತ ಏಕೆ ಬಗ್ಗಿದ' ಎಂಬುದಲ್ಲ, 'ಬಗ್ಗದೆ ಇದ್ದಿದ್ದರೆ ಅವನ ಜೊತೆ ಯಾರು ನಿಲ್ಲುತ್ತಿದ್ದರು' ಎಂಬುದು.

ಕಾಬ್ ಮುಂದೆಯೂ ದುಡಿದರು. 1958ರ 'ದ ಬ್ರದರ್ಸ್ ಕರಮಜೋವ್' ಅವರಿಗೆ ಎರಡನೆಯ ಆಸ್ಕರ್ ನಾಮಕರಣ ತಂದಿತು. 1966ರಲ್ಲಿ ವಿಲಿ ಲೋಮನ್‌ನನ್ನು ದೂರದರ್ಶನದಲ್ಲಿ ಮತ್ತೊಮ್ಮೆ ಕಂಡರಿಸಿದರು. 1968ರಲ್ಲಿ ನ್ಯೂಯಾರ್ಕ್‌ನ ರಂಗದ ಮೇಲೆ ಕಿಂಗ್ ಲಿಯರ್ ಆದರು. 1973ರ 'ದಿ ಎಕ್ಸಾರ್ಸಿಸ್ಟ್' ಚಿತ್ರದ ಸೌಮ್ಯ ಪತ್ತೇದಾರ ಇವರೇ. ಆ ಸಮಿತಿಯನ್ನು 1975ರಲ್ಲಿ ರದ್ದುಪಡಿಸಲಾಯಿತು. ಮರುವರ್ಷ ಫೆಬ್ರವರಿಯಲ್ಲಿ, 64ನೆಯ ವಯಸ್ಸಿನಲ್ಲಿ, ಕಾಬ್ ಅವರ ಹೃದಯ ನಿಂತಿತು.

'12 ಆಂಗ್ರಿ ಮೆನ್' ಚಿತ್ರದ ಕೊನೆಯಲ್ಲಿ ಮಾತಿಲ್ಲದ ಒಂದು ಗಳಿಗೆಯಿದೆ. ಎಲ್ಲರೂ ಕೋಣೆಯಿಂದ ಹೊರಡುತ್ತಾರೆ. ಸೋತ ಮನುಷ್ಯ ಮೇಜಿನ ಬಳಿಯೇ ಉಳಿಯುತ್ತಾನೆ. ಅವನನ್ನು ಸೋಲಿಸಿದ ಫೋಂಡಾ ಗೂಟದಿಂದ ಅವನ ಕೋಟು ತೆಗೆದು ತಂದು, ತೊಡಲು ನೆರವಾಗುತ್ತಾನೆ. ಅವನ ತಪ್ಪನ್ನು ಆತ ಒಪ್ಪಿಲ್ಲ, ಮರೆತೂ ಇಲ್ಲ.

ಕೆಲವು ವರ್ಷಗಳ ಹಿಂದೆ ಒಂದು ಮದುವೆಯ ಊಟದ ಪಂಕ್ತಿಯಲ್ಲಿ ಜಾಗ ಹುಡುಕುತ್ತಾ ನಿಂತಿದ್ದೆ. ತುದಿಯಲ್ಲಿ ಕುಳಿತಿದ್ದ ವೃದ್ಧರೊಬ್ಬರು ಪಕ್ಕದ ಎಲೆಯನ್ನು ತೋರಿಸಿ, "ಬನ್ನಿ ಸಾರ್, ಇಲ್ಲಿ ಕೂತ್ಕೊಳ್ಳಿ. ಮಗಳು ಚೆನ್ನಾಗಿದ್ದಾಳಾ?" ಎಂದರು. ಅದೇ ನೌಕರರು. ನಾನು ಕುಳಿತೆ. ಹೇಳಬೇಕಾದ ಮಾತನ್ನು ಊಟ ಮುಗಿಯುವವರೆಗೂ ಹೇಳಲಾಗಲಿಲ್ಲ. ಅದನ್ನು ಇಲ್ಲಿ ಬರೆದಿದ್ದೇನೆ. ಅವರು ಪತ್ರಿಕೆ ಓದುವ ಅಭ್ಯಾಸ ಬಿಟ್ಟಿರಲಾರರು.